ಕೇರೆಹಾವಿನ ಮೇಲೆ ಹೊರಿಸಿದ ತಪ್ಪು

ಮೆಣಸೆ
೧೨ ಫೆಬ್ರವರಿ ೨೦೨೫

ನಯನಾ,

ಯಾವಾಗಲೂ ಮೊದಲು ಆಶೀರ್ವಾದ ಬರೆಯುತ್ತಿದ್ದೆ. ಇವತ್ತು ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅಳಲು ಶುರುಮಾಡುತ್ತೀಯ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೇ ಕಾಗದ. ಪೂರ್ತಿ ಓದು.

ನಮ್ಮ ದನ ಬೆಳ್ಳಿ ಸತ್ತಿದ್ದು ಹಾವು ಕಚ್ಚಿ ಅಲ್ಲ. ನನಗೆ ಗೊತ್ತಾಗಿದೆ.

ನಿನ್ನೆ ದನದ ಡಾಕ್ಟರು ಹರಿಹರ ಅವರು ಬೆಳ್ಳಿಯ ಮಗಳು ಚುಕ್ಕಿಗೆ ಇಂಜೆಕ್ಷನ್ ಕೊಡಲು ಬಂದಿದ್ದರು. ಗಬ್ಬದ ದನ ಎಲ್ಲಿ ಎಂದು ಕೇಳಿದರು. ನಾನು ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೋಗಿದ್ದಾಗ ಹಾವು ಕಚ್ಚಿತು, ಮನೆ ನೋಡಿಕೊಳ್ಳಲು ಬಂದಿದ್ದ ತಂಗಿ ಕಣ್ಣಾರೆ ನೋಡಿದ್ದಾಳೆ ಎಂದು ನೀನು ಹೇಳಿಕೊಟ್ಟ ಪಾಠವನ್ನೇ ಒಪ್ಪಿಸಿದೆ. ಪಕ್ಕದ ಮನೆಯ ಲಿಂಗಪ್ಪ ಅಲ್ಲೇ ನಿಂತಿದ್ದ. ಸಾಯುವ ಹಿಂದಿನ ಸಂಜೆಯೇ ಬೆಳ್ಳಿಯ ಎಡಹೊಟ್ಟೆ ಉಬ್ಬಿ ಮೆಲುಕು ನಿಂತಿತ್ತಲ್ಲ ಎಂದ. ಡಾಕ್ಟರನ್ನು ಕರೆಯಿರಿ ಎಂದಿದ್ದಕ್ಕೆ ಆಗಲೇ ಫೋನ್ ಮಾಡಿದ್ದೇನೆ ಎಂದೆಯಂತೆ. ಡಾಕ್ಟರು ತಮ್ಮ ಫೋನ್ ತೆಗೆದು ಅಲ್ಲೇ ನೋಡಿದರು. ನೀನು ಮಾಡಿರಲಿಲ್ಲ.

ಉಳಿದದ್ದನ್ನು ಅಷ್ಟರಲ್ಲಿ ಬಂದ ಎದುರುಮನೆಯ ರೇಖಾ ಹೇಳಿದಳು. ಅವಳ ಮೊಮ್ಮಗುವಿನ ನಾಮಕರಣದಲ್ಲಿ ಮಿಕ್ಕ ಅನ್ನ, ಪಾಯಸವನ್ನು ಎರಡು ಬಕೆಟ್ ತುಂಬಿಸಿಕೊಂಡು ಬಂದೆಯಂತೆ. ಪಾಪ, ಬಸುರಿ, ಹೊಟ್ಟೆ ತುಂಬ ತಿನ್ನಲಿ ಎಂದೆಯಂತೆ.

"ಅಷ್ಟು ಅನ್ನ ಒಂದೇ ಸಲ ಹಾಕಿದ್ರೆ ದನದ ಹೊಟ್ಟೇಲಿ ಹುಳಿಯಾಗ್ತದೆ ಅಮ್ಮ," ಎಂದರು ಡಾಕ್ಟರು. "ಸಂಜೆಯೇ ಕರೆದಿದ್ರೆ ಉಳೀತಿತ್ತೋ ಏನೋ."

ಅನ್ನ ಹಾಕಿದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಜಯಪುರದಲ್ಲಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ ಮಾಡುವವಳಿಗೆ ದನದ ಹೊಟ್ಟೆಯ ವಿಚಾರ ಮರೆತಿರಬಹುದು. ಆದರೆ ಬೆಳ್ಳಿ ಹಲ್ಲು ಕಡಿಯುತ್ತಾ ನರಳುತ್ತಿದ್ದರೆ ನೀನು ಒಳಗೆ ಹೇಗೆ ಕೂತಿದ್ದೆ? ಎಂಟು ವರ್ಷದ ಹಿಂದೆ ಅವಳು ಹುಟ್ಟುವಾಗ ಕಾಲು ಅಡ್ಡ ಸಿಕ್ಕಿಕೊಂಡು, ನೀನೂ ನಾನೂ ಸೇರಿ ಎಳೆದು ತೆಗೆದ ಕರು ಅದು. ಮೂಗಿನ ಲೋಳೆಯನ್ನು ನಿನ್ನ ಸೆರಗಿನಲ್ಲೇ ಒರೆಸಿದ್ದೆ. ಉಸಿರಾಡಿತು ಅಕ್ಕ ಎಂದು ಕೊಟ್ಟಿಗೆಯಲ್ಲೇ ನಕ್ಕವಳು ನೀನೇ. ಮೊನ್ನೆ ಮೊನ್ನೆಯವರೆಗೂ ಹಾಲು ಕರೆಯುವಾಗ ನನ್ನ ಬೆನ್ನು ನೆಕ್ಕುತ್ತಿದ್ದಳು. ನಾನು ಮಾತಾಡದೆ ಕರೆಯಲು ಕೂತರೆ ಸೊರ ಬಿಟ್ಟು ಹಾಲು ಇಳಿಸುತ್ತಿರಲಿಲ್ಲ.

ಇನ್ನು ಆ ಹಾವು. ಬೆಳ್ಳಿ ಸತ್ತ ಬೆಳಿಗ್ಗೆ ನೀನು ಹಾವು ಎಂದೆ, ಲಿಂಗಪ್ಪ ನಂಬಿದ. ಹುಲ್ಲಿನ ಬಣವೆ ಕೆದಕಿ, ಸಿಟ್ಟಿನಲ್ಲಿ ಯಾವ ಹಾವೆಂದೂ ನೋಡದೆ, ಸಿಕ್ಕಿದ್ದನ್ನು ಬಡಿದು ಕೊಂದ. ಅದು ಕೇರೆಹಾವು. ವರ್ಷಗಟ್ಟಲೆ ನಮ್ಮ ಇಲಿ ಹಿಡಿದುಕೊಂಡು ಅದರ ಪಾಡಿಗೆ ಅದು ಇತ್ತು. ವಿಷವಿಲ್ಲದ್ದು ಎಂದು ನಿನಗೂ ಗೊತ್ತು. ಬಾಗಿಲಲ್ಲಿ ನಿಂತು ನೋಡಿದೆಯಂತೆ, ಒಂದು ಮಾತು ಆಡಲಿಲ್ಲವಂತೆ. ನನಗೆ ತಡೆಯಲಾಗದಿರುವುದು ಇದೇ. ಬೆಳ್ಳಿಯದ್ದು ನೀನು ಅರಿಯದೆ ಮಾಡಿದ ತಪ್ಪು, ಇದು ಅರಿತು ಮಾಡಿದ್ದು.

ಪಾಪದ ಹಾವನ್ನು ಕೊಂದೆನಲ್ಲ ಎಂದು ಲಿಂಗಪ್ಪ ನಿನ್ನೆಯಿಂದ ನನ್ನ ಮುಖ ನೋಡುತ್ತಿಲ್ಲ. ಚುಕ್ಕಿ ತಾಯಿಯ ಗೂಟ ಮೂಸಿ ಮೂಸಿ ಕೂಗುತ್ತಾಳೆ. ನೀನು ಮಾತ್ರ ಊರಿಗೆ ಹೋಗಿ, ಕಣ್ಣಿಗೆ ಔಷಧಿ ಹಾಕಿಕೊಂಡೆಯಾ ಅಕ್ಕ ಎಂದು ದಿನವೂ ಮೆಸೇಜು ಕಳಿಸುತ್ತೀಯ.

ನನಗೆ ಅಷ್ಟು ಹೆದರಿದೆಯಾ ನಯನಾ? ಬೆಳ್ಳಿಯ ಜೀವ, ಹಾವಿನ ಜೀವ ಹೋದರೂ ಸರಿ, ಅಕ್ಕನ ಬೈಗುಳ ಬೇಡ ಎನ್ನುವಷ್ಟು? ಅಂಥಾದ್ದೇನು ಮಾಡಿದ್ದೇನೆ ನಾನು ನಿನಗೆ?

ನಿನ್ನ ಅಕ್ಕ,
ಮಾಲತಿ

ಮತ್ತೊಂದು: ಮೇಲೆ ಒಂದು ಸಾಲು ಹೊಡೆದುಹಾಕಿದ್ದೇನೆ. 'ನನಗಾದರೂ ಫೋನ್ ಮಾಡಬಾರದಿತ್ತೇ' ಎಂದು ಬರೆದಿದ್ದೆ. ಆ ಸಂಜೆ ನೀನು ಮೂರು ಸಲ ಮಾಡಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಮಗಳು ಅಮೂಲ್ಯಾ 'ಚಿಕ್ಕಮ್ಮನ ಫೋನ್' ಎಂದು ಹೇಳಿಯೇ ಕೊಡಲು ಬಂದಳು. ಉಪ್ಪೆಲ್ಲಿ, ಹಿಂಡಿಯೆಲ್ಲಿ ಎಂದು ಕೇಳಲು ಇರಬೇಕು, ಅವಳದ್ದು ಇದ್ದಿದ್ದೇ, ಬಿಡು ಎಂದು ನಾನೇ ಬದಿಗಿಡಿಸಿದೆ. ಇದನ್ನು ಡಾಕ್ಟರಿಗೂ ಹೇಳಿಲ್ಲ, ಲಿಂಗಪ್ಪನಿಗೂ ಹೇಳಿಲ್ಲ. ನಿಜ ಹೇಳಲೆಂದೇ ಮಾಡಿದ್ದೆಯಾ? ಬಂದು ಹೇಳು.