ಇಂಜಿನ್ ತೊಳೆಯುವ ಡಬ್ಬಿ ತುಂಬಿದವರಿಗೆ

ಗಾಳಿಶಕ ಇನ್ನೂರ ಹದಿನಾಲ್ಕು, ಮೂರನೆಯ ಗಾಳಿಬಿಡುವು ಮುಗಿದ ಮೇಲಿನ ಮಂಗಳವಾರ
ಡೋಣಿ, ಕಪ್ಪತಗುಡ್ಡದ ಬುಡ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಗಂಡಸೋ ಹೆಂಗಸೋ, ಯಾವ ಊರಿನವರೋ, ಅದೂ ಗೊತ್ತಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲು, ಯಾವುದೋ ಕಾರ್ಖಾನೆಯಲ್ಲಿ ನಿಂತು, ಕಾರಿನ ಇಂಜಿನ್ ತೊಳೆಯುವ ದ್ರವವನ್ನು ಒಂದು ಸಣ್ಣ ತಗಡಿನ ಡಬ್ಬಿಗೆ ತುಂಬಿ ಮುಂದಿನ ಡಬ್ಬಿಗೆ ಕೈ ಚಾಚಿದವರು ನೀವು ಎಂಬುದಷ್ಟೇ ಗೊತ್ತು. ಈ ಕಾಗದ ನಿಮಗೆ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಅಂಗಡಿ ಬೋರ್ಡುಗಳಿಂದ ಮತ್ತು ಬಸ್ಸಿನ ತಗಡುಗಳಿಂದ, ಹಾಗಾಗಿ ಎಲ್ಲಿ ವಿನಯ ಬೇಕೋ ಅಲ್ಲಿ ಜಾಹೀರಾತು ಬಂದುಬಿಡುತ್ತದೆ. ಕಾಗದ ಹಿಂದಕ್ಕೆ ಹೋಗುವ ದಾರಿ ಇಲ್ಲವೆಂದು ನನಗೂ ತಿಳಿದಿದೆ. ಆದರೆ ಬರೆ ಎಂದವರು ರಾಜೇಸಾಬ ಕಾಕಾ. ಅವರ ಮಾತನ್ನು ಈಗಾಗಲೇ ಒಮ್ಮೆ ಮೀರಿದ್ದೇನೆ, ಇನ್ನೊಮ್ಮೆ ಮೀರುವ ಧೈರ್ಯ ನನಗಿಲ್ಲ.

ಮೊದಲು ನಮ್ಮ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾವು ಗಾಳಿಯ ಜನ. ಗುಡ್ಡದ ನೆತ್ತಿಯ ರೆಕ್ಕೆಗಳು ತಿರುಗಿದರೆ ನಮ್ಮ ಬಂಡಿ ಓಡುತ್ತದೆ, ಹಿಟ್ಟು ಬೀಳುತ್ತದೆ, ಬಾವಿಯ ನೀರು ಮೇಲೇಳುತ್ತದೆ. ವರ್ಷದಲ್ಲಿ ಕೆಲವು ಸಲ ಗಾಳಿ ಪೂರ್ತಿ ಸತ್ತುಹೋಗುತ್ತದೆ, ಅದನ್ನು ಗಾಳಿಬಿಡುವು ಎನ್ನುತ್ತೇವೆ. ಕೂಡಿಟ್ಟ ಶಕ್ತಿಯೂ ಬೇಗನೆ ತೀರಿಹೋಗಿ ಊರಿಗೆ ಊರೇ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತದೆ. ಅಂಥ ದಿನಗಳಲ್ಲಿ ಒಲೆಗೂ ದೀಪಕ್ಕೂ ದಂಟುಸಾರವೇ ಗತಿ. ಜೋಳದ ದಂಟನ್ನು ಕೊಳೆಸಿ ಇಳಿಸುವ, ಮೂಗಿಗೆ ಖಾರವಾಗಿ ಹತ್ತುವ ನೀರು ಅದು. ನಿಮ್ಮ ಪೆಟ್ರೋಲಿನ ಬಡ ನೆಂಟ ಅಂದುಕೊಳ್ಳಿ. ನಮ್ಮ ಊರಿನ ಉಸಿರುಗಾಡಿ ಕುಡಿಯುವುದೂ ಇದನ್ನೇ. ಉಸಿರುಗಾಡಿ ಎಂದರೆ ನಿಮ್ಮ ಕಾರು. ಗಾಳಿಯನ್ನು ಒಳಗೆ ಎಳೆದುಕೊಂಡು, ಬೆಂಕಿ ಮಾಡಿ, ಹೊರಗೆ ಬಿಡುವುದರಿಂದ ಅದಕ್ಕೆ ಆ ಹೆಸರು. ಈ ಸೀಮೆಯಲ್ಲಿ ಉಳಿದಿರುವುದು ಅದೊಂದೇ.

ಅದನ್ನು ಇಟ್ಟ ಮನೆಗೆ ರಾಜೇಸಾಬ ಕಾಕಾ ಹಿರಿಯರು, ನಾನು ಅವರ ಕೈಕೆಳಗೆ ಕಲಿತವಳು. ನಿಮ್ಮ ಡಬ್ಬಿ ಇದ್ದದ್ದು ಅಲ್ಲೇ. ಮೇಲಿನ ಬರಹ ಅಳಿಸಿ ಎಷ್ಟೋ ಕಾಲವಾಗಿತ್ತು, ಆದರೆ ಅದರ ಮಾತುಗಳು ಊರಿನ ಎಲ್ಲರ ಬಾಯಲ್ಲಿದ್ದವು. ಖಂಡೇನವಮಿಯ ದಿನ ಗಾಡಿಗೆ ನಿಂಬೆಹಣ್ಣು ಕಟ್ಟಿ, ಡಬ್ಬಿಗೆ ಕುಂಕುಮ ಹಚ್ಚಿ, ಕಾಕಾ ಫಾತೆಹಾ ಹೇಳಿ ಸಕ್ಕರೆ ಓದಿಸಿದ ಮೇಲೆ ಊರಿಗೂರೇ ನಿಂತು ಒಂದೇ ದನಿಯಲ್ಲಿ ಹೇಳುತ್ತಿತ್ತು. ತುಂಬಿದ ಟ್ಯಾಂಕಿಗೆ ಒಂದು ಡಬ್ಬಿ. ಸುರಿದ ಮೇಲೆ ದೂರ ಓಡಿಸಿ. ಐದು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಮಾಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಕಿಲೋಮೀಟರು ಎಂಬುದನ್ನು ನಾವು ಯಾವುದೋ ಋತು ಎಂದು ತಿಳಿದಿದ್ದೆವು. ಇಷ್ಟು ಮಾತಿನಲ್ಲಿ ನಾವು ಚಾಚೂ ತಪ್ಪದೆ ನಡೆಸಿದ್ದು ಕೊನೆಯದೊಂದನ್ನೇ. ಡಬ್ಬಿಯನ್ನು ತೊಲೆಯ ಹತ್ತಿರ ಎಷ್ಟು ಎತ್ತರಕ್ಕೆ ಇಟ್ಟಿದ್ದೆವೆಂದರೆ ದೊಡ್ಡವರಿಗೂ ಏಣಿ ಬೇಕಿತ್ತು.

ಹೇಳಿಕೊಂಡ ಮೇಲೆ ಗಾಡಿಯನ್ನು ಊರ ಹೆಬ್ಬಾಗಿಲಾದ ಅಗಸಿಯವರೆಗೆ ಓಡಿಸಿ, ಆರತಿ ಎತ್ತಿ, ಮತ್ತೆ ಒಳಗೆ ಇಡುತ್ತಿದ್ದೆವು. ಇಂಜಿನ್ ಕಾಯುವುದಕ್ಕೂ ಬಿಡುತ್ತಿರಲಿಲ್ಲ. ಹೀಗೆ ತಣ್ಣಗಿರುವಾಗಲೇ ನಿಲ್ಲಿಸಿ ನಿಲ್ಲಿಸಿ ಒಳಗೆಲ್ಲ ಮಸಿ ಕಟ್ಟಿತು, ದಂಟುಸಾರದ ಅಂಟು ಇಂಜೆಕ್ಟರಿನ ಸಣ್ಣ ಕಂಡಿಗಳಲ್ಲಿ ಕೂತುಬಿಟ್ಟಿತು. ಸಾರವನ್ನು ಮಂಜಿನಂತೆ ಚಿಮ್ಮಿಸಬೇಕಾದ ಬಾಯಿಗಳು ತೊಟ್ಟಿಕ್ಕತೊಡಗಿದವು. ಈಚಿನ ವರ್ಷಗಳಲ್ಲಿ ಅಗಸಿ ಮುಟ್ಟುವಷ್ಟರಲ್ಲಿ ಗಾಡಿ ನಡುಗುತ್ತಿತ್ತು. ದೇವರು ಮೈಮೇಲೆ ಬಂದಿದೆ ಎಂದು ಕೆಲವರು ಕಾಯಿ ಒಡೆದರು. ಕಾಕಾ ಹೊರಗಿನ ತಗಡನ್ನು ಇನ್ನಷ್ಟು ತಿಕ್ಕಿ ಹೊಳೆಯಿಸಿದರು. ನಾನೂ ಅರಿವೆ ಹಿಡಿದು ಅವರ ಜೊತೆಗೇ ತಿಕ್ಕಿದೆ.

ಈ ಸಲದ ಗಾಳಿಬಿಡುವಿನಲ್ಲಿ ಕಾಕಾ ಹೊಟ್ಟೆ ಹಿಡಿದುಕೊಂಡು ಗಾಡಿಯ ಪಕ್ಕದಲ್ಲೇ ಕುಸಿದರು. ನಮ್ಮ ಮದ್ದಿನ ನೀಲವ್ವ ಬಂದು ಮುಟ್ಟಿ ನೋಡಿ, ಕರುಳು ಸಿಕ್ಕಿಕೊಂಡಿದೆ, ಗದಗಿನಲ್ಲಿ ಕೊಯ್ದು ಬಿಡಿಸಬೇಕು, ಹೊತ್ತು ಮುಳುಗುವುದರೊಳಗೆ ಅಲ್ಲಿರದಿದ್ದರೆ ಆಸೆ ಇಲ್ಲ ಎಂದಳು. ಬಂಡಿಗಳು ಗಾಳಿಯಿಲ್ಲದೆ ಬಿದ್ದಿದ್ದವು. ಎತ್ತು ಕಟ್ಟಿದರೆ ಮುಟ್ಟುವುದು ಮರುದಿನ ಬೆಳಿಗ್ಗೆ. ಉಳಿದದ್ದು ಉಸಿರುಗಾಡಿ. ಚಾಲೂ ಮಾಡಿದೆ, ಕೆಮ್ಮುತ್ತ ಹೊರಟಿತು, ಊರ ಹೊರಗಿನ ಏರಿನಲ್ಲಿ ನಿಂತಿತು. ಹಿಂದಕ್ಕೆ ಉರುಳಿಸಿ ಮತ್ತೆ ಹತ್ತಿಸಿದೆ, ಮತ್ತೆ ಅಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಕಾಕಾ ನರಳುತ್ತಿದ್ದರು. ಭಯದಲ್ಲಿ ನನ್ನ ತುಟಿಗಳು ಅಭ್ಯಾಸಬಲದಿಂದ ಖಂಡೇನವಮಿಯ ಮಾತುಗಳನ್ನು ಹೇಳತೊಡಗಿದವು. ಎರಡನೆಯ ಸಲ ಹೇಳುವಾಗ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ನಾನು ಏನು ಹೇಳುತ್ತಿದ್ದೇನೆಂದು ನನ್ನ ಕಿವಿಗೆ ಬಿತ್ತು.

ಡಬ್ಬಿ ಇಟ್ಟ ಮನೆಗೆ ಓಡಿ ಏಣಿ ಹಾಕಿದೆ. ಡಬ್ಬಿ ಕೈಯಲ್ಲಿ ಹಿಡಿದು ಬಂದದ್ದನ್ನು ಕಂಡು ಕಾಕಾ ನನ್ನ ಸೆರಗು ಹಿಡಿದರು. "ಫಕೀರವ್ವಾ, ನನ್ನ ಸಲುವಾಗಿ ಅದನ್ನ ತೆರೀಬ್ಯಾಡವಾ. ನಾ ಹ್ಯಾಂಗೂ ಹೋಗಾಂವ. ಅದು ಹ್ವಾದ್ರ ಮತ್ತ ಬರೂದಿಲ್ಲ." ಅವರ ಅಜ್ಜ ಕಾಯ್ದ ಡಬ್ಬಿ, ಅವರಪ್ಪ ಕಾಯ್ದ ಡಬ್ಬಿ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ತುಂಬಿದ ಟ್ಯಾಂಕು ಎಂದಿತ್ತಲ್ಲ, ನಮ್ಮಲ್ಲಿ ಅಷ್ಟು ಸಾರ ಇರಲಿಲ್ಲ. ನೀಲವ್ವ ಓಣಿಯಲ್ಲಿ ಕೂಗಿದಳು. ಒಲೆಯಿಂದ, ದೀಪದಿಂದ, ಅಡಗಿಸಿಟ್ಟ ಗಡಿಗೆಯಿಂದ, ಮನೆಮನೆಯವರು ತಂದು ಸುರಿದರು. ಆ ಸಂಜೆ ಡೋಣಿಯಲ್ಲಿ ಯಾರ ಮನೆಯಲ್ಲೂ ಒಲೆ ಹತ್ತಲಿಲ್ಲ.

ಮುಚ್ಚಳ ಬಿಚ್ಚಿದಾಗ ಒಂದು ವಾಸನೆ ಬಂತು. ಅದನ್ನು ಹೇಗೆ ಹೇಳಲಿ? ನಿಮ್ಮ ಕಾಲದ ಒಂದು ಮಧ್ಯಾಹ್ನ ಅದರೊಳಗೆ ಇಷ್ಟು ದಿನ ಕೂತಿತ್ತು. ದ್ರವ ಜೇನಿನ ಬಣ್ಣದ್ದಾಗಿತ್ತು, ಸ್ವಲ್ಪವೂ ಗಟ್ಟಿಯಾಗಿರಲಿಲ್ಲ. ಸುರಿದೆ. ಊರಿನವರು ಕೈ ಮುಗಿದರು. ಆಮೇಲೆ ಏರು ದಾಟುವವರೆಗೆ ಎಲ್ಲರೂ ಹಿಂದೆ ನಿಂತು ತಳ್ಳಿದರು. ಸಪಾಟು ರಸ್ತೆಗೆ ಬಂದ ಮೇಲೂ ಗಾಡಿ ಕುಂಟುತ್ತಲೇ ಇತ್ತು, ಹಿಂದೆ ಕರಿ ಹೊಗೆ. ಡಬ್ಬಿಯೂ ಹೋಯಿತು, ಕಾಕಾನೂ ಹೋಗುತ್ತಾರೆ ಎಂದುಕೊಂಡು ಅಳುತ್ತ ಓಡಿಸಿದೆ, ಆದರೆ ನಿಲ್ಲಿಸಲಿಲ್ಲ. ಡಂಬಳದ ಕೆರೆ ದಾಟಿ ಒಂದಿಷ್ಟು ದೂರ ಹೋದಾಗ, ಕಣ್ಣು ಮುಚ್ಚಿ ಮಲಗಿದ್ದ ಕಾಕಾ ತಲೆ ಎತ್ತಿದರು. "ತಡಿ, ಕೇಳು," ಎಂದರು. ನನಗೆ ಕೇಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ನಡುಕ ಕಡಿಮೆಯಾಗುತ್ತಿತ್ತು. ಇಂಜೆಕ್ಟರಿನ ಒಂದೊಂದೇ ಬಾಯಿ ತೆರೆಯುತ್ತಿತ್ತು. ಆಮೇಲೆ ಇಂಜಿನ್ನಿನ ಸದ್ದು ಒಂದೇ ಸಮನಾಯಿತು, ಕಾಲ ಕೆಳಗಿನ ಪೆಡಲು ಜೀವ ಹಿಡಿಯಿತು, ಗಾಡಿ ನನ್ನನ್ನು ಸೀಟಿಗೆ ಒತ್ತಿ ಮುಂದಕ್ಕೆ ಹಾರಿತು. ಇಷ್ಟು ವರ್ಷ ನಾವು ಪೂಜೆ ಮಾಡಿದ್ದು ಇದನ್ನೇ, ಆದರೆ ಇದು ಏನೆಂದು ಯಾರೂ ನೋಡಿರಲಿಲ್ಲ. ಎರಡೂ ಬದಿಯ ಹೊಲಗಳು ಹಿಂದಕ್ಕೆ ಓಡಿದವು. ನನಗೆ ಹೆದರಿಕೆಯೂ ಆಯಿತು, ಬಾಯಿ ತೆರೆದು ನಗಬೇಕೆಂದೂ ಅನ್ನಿಸಿತು. ನೀವು ದಿನವೂ ಇಂಥದ್ದರಲ್ಲಿ ಕೂತು ತರಕಾರಿ ತರಲು ಹೋಗುತ್ತಿದ್ದಿರಂತೆ. ನಂಬುವುದು ಕಷ್ಟ. ಬಿಸಿಲು ಇರುವಾಗಲೇ ಗದಗ ಮುಟ್ಟಿದೆವು, ಹೊತ್ತು ಮುಳುಗುವುದರೊಳಗೆ ಅಲ್ಲಿನ ವೈದ್ಯರು ಕಾಕಾನನ್ನು ಕೊಯ್ದು ಹೊಲಿದೂ ಆಗಿತ್ತು.

ನೀವು ತುಂಬಿದ ಮಿಕ್ಕ ಡಬ್ಬಿಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಯಾರೋ ಮೆಕ್ಯಾನಿಕ್ ಟ್ಯಾಂಕಿಗೆ ಸುರಿದು, ಡಬ್ಬಿ ಮೂಲೆಗೆ ಎಸೆದು, ಚಹಾ ಕುಡಿಯಲು ಹೋಗಿರುತ್ತಾನೆ. ಅವನಿಗಿಂತ ಹೆಚ್ಚು ಭಕ್ತಿ ನಮ್ಮಲ್ಲಿತ್ತು, ಆದರೆ ಡಬ್ಬಿಗೆ ಮರ್ಯಾದೆ ಕೊಟ್ಟವನು ಅವನೇ. ನಿಮ್ಮ ಮನೆಯಲ್ಲೂ ಹೀಗೆ ಎತ್ತರದಲ್ಲಿ ಇಟ್ಟು ಕೈ ಮುಗಿಯುವ ಉಪಯೋಗದ ವಸ್ತು ಏನಾದರೂ ಇದ್ದರೆ, ದಯವಿಟ್ಟು ಇವತ್ತೇ ಕೆಳಗಿಳಿಸಿ ಬಳಸಿ.

ಕಾಕಾ ಊರಿಗೆ ಬಂದ ಮೇಲೆ ನನ್ನೊಡನೆ ಮಾತು ಬಿಟ್ಟರು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ನಾನು ತಂದ ಗಂಜಿಯನ್ನು ನೀಲವ್ವ ಕೊಟ್ಟರೆ ಕುಡಿಯುತ್ತಿದ್ದರು, ನಾನು ಕೊಟ್ಟರೆ ಇಲ್ಲ. ಅವರನ್ನು ಉಳಿಸಿ ಕಳೆದುಕೊಂಡೆನೆಂದು ನಾನು ಹಿತ್ತಲಲ್ಲಿ ಕೂತು ಅತ್ತದ್ದೂ ಉಂಟು. ನಿನ್ನೆ ಮಧ್ಯಾಹ್ನ ಅವರಾಗಿಯೇ ಎದ್ದು ಕೋಲು ಊರಿಕೊಂಡು ಬಂದು ಗಾಡಿಯ ಮೂತಿಯ ಮೇಲೆ ಕೈ ಇಟ್ಟು ನಿಂತರು. ಆ ಡಬ್ಬಿ ತುಂಬಿದವರು ಯಾರಿರಬಹುದು ಎಂದು ಕೇಳಿದರು. ಗೊತ್ತಿಲ್ಲ ಕಾಕಾ ಎಂದೆ. "ಅವರ ಮನಿಯಾಗ ಒಂದು ಮಾತು ಗೊತ್ತಾಗ್ಬೇಕಿತ್ತು," ಎಂದರು. "ಕಾಗದಾ ಬರಿ. ಭಾಳ ಏನೂ ಬ್ಯಾಡ. ರಾಜೇಸಾಬ ಅದಾನ ಅಂತ ಬರಿ."

ಅವರು ಬೇಡವೆಂದರೂ ಬಹಳ ಬರೆದೆ. ಬರೆ ಎಂದದ್ದು ಇಷ್ಟೇ. ರಾಜೇಸಾಬ ಇದ್ದಾರೆ.

ಡೋಣಿಯ ಫಕೀರವ್ವ