ಗೋಮಾಳದ ಕಾಗದದಲ್ಲಿ ನಿನ್ನ ಸಹಿ

ಟೇಕಲ್
೧೨-೩-೧೯೮೭

ಪ್ರಹ್ಲಾದಣ್ಣನಿಗೆ ನಮಸ್ಕಾರ. ನಾವು ಕ್ಷೇಮ.

ಸೌದೆ ಸುಟ್ಟು ಕರೆಂಟು ತೆಗೆಯುವ ನಿಮ್ಮ ಕಂಪನಿಯವರು ನಿನ್ನೆ ನಮ್ಮೂರ ಗೋಮಾಳ ಅಳೆಯಲು ಬಂದಿದ್ದರು. ಹೆಂಗಸರು ಅಡ್ಡ ಕುಳಿತು ಸರಪಳಿ ಎಳೆಯಲು ಬಿಡಲಿಲ್ಲ. ಅಲ್ಲಿ ಆಯ್ದ ಪುಳ್ಳೆಯಿಂದಲೇ ಅವರ ಒಲೆ ಉರಿಯುವುದು. ಬಂದವರು ತೋರಿಸಿದ ಇಂಗ್ಲಿಷ್ ಕಾಗದ ಓದಿ ಹೇಳಲು ನನ್ನನ್ನು ಸ್ಕೂಲಿನಿಂದ ಕರೆಸಿದರು. ಅದರಲ್ಲಿ 'ಯಾರೂ ಬಳಸದ ಪಾಳು ಭೂಮಿ' ಎಂದಿತ್ತು. ಕೆಳಗೆ ನಿನ್ನ ಸಹಿ. ಹೆಸರು ಬಿಟ್ಟು ಓದಬಹುದಿತ್ತು. ಬಿಡಲಿಲ್ಲ.

ಯಾರೂ ಬೈಯಲಿಲ್ಲ, ಅಣ್ಣ. ಸೌದೆ ಹೊರುವ ಚಿಕ್ಕಗಂಗಮ್ಮ ಮಾತ್ರ, "ಅಂಗಾದ್ರೆ ಒಳ್ಳೇದೇ ಆಯ್ತು ಬಿಡಿ ಟೀಚರಮ್ಮ. ನಿಮ್ಮಣ್ಣ ಅಂದ್ರೆ ನಮ್ಮೋರೇ. ಒಂದ್ಸಲ ಬಂದು ನೋಡಿದ್ರೆ ಇಂಗೆ ಬರೀತಿರ್ಲಿಲ್ಲ," ಎಂದಳು.

ಅಳೆಯುವವರು ಹಿಂದಿರುಗಿದರು. ಸಂಜೆ ತಹಸೀಲ್ದಾರರಿಗೆ ತಕರಾರು ಅರ್ಜಿ ಬರೆದೆವು. ಮೊದಲ ಸಹಿ ನನ್ನದು. ನಿನಗೆ ಇದು ಬೇರೆಯವರಿಂದ ತಿಳಿಯಬಾರದು.

ಭಾನುವಾರ ಬಾ. ಜೀಪು ಬೇಡ, ಬೆಳಗಿನ ರೈಲಿಗೆ ಬಾ. ಹೆಂಗಸರು ಗೋಮಾಳವನ್ನೆಲ್ಲ ಸುತ್ತಿಸಿ ತೋರಿಸುತ್ತಾರೆ. ಊಟ ನಮ್ಮ ಮನೆಯಲ್ಲೇ ಎಂದು ಅತ್ತಿಗೆಗೆ ಹೇಳು. ನಿನ್ನನ್ನು ಕೇಳದೆಯೇ, ನೀನು ಬಂದೇ ಬರುತ್ತೀಯೆಂದು ಆ ಹೆಂಗಸರಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ತಂಗಿ,
ಅನಂತಲಕ್ಷ್ಮಿ