ಕರೆಯದೆ ಉಳಿದ ಅಡುಗೆಯವಳು

ಇಸವಿ ಎರಡು ಸಾವಿರದ ಇನ್ನೂರ ಎಂಬತ್ತೊಂದು, ಎರಡನೆಯ ಆಷಾಢ (ಈಗ ವರ್ಷಕ್ಕೆ ಎರಡು ಬರುತ್ತವೆ).

ಚಂದ್ರಿಕಾ, ನೀನು ನನಗೆ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಹಿಂದಿನ ಕಾಲಕ್ಕೆ ಹೋಗುವ ಈ ಕಾಗದ ಸೇರುವಾಗ ನಿನಗೆ ಇಪ್ಪತ್ತೆರಡು, ನನಗೆ ಎಂಬತ್ತು. ಏಕವಚನವನ್ನು ಹೊಟ್ಟೆಗೆ ಹಾಕಿಕೋ. ನಾಲ್ಕನೇ ಕ್ಲಾಸಿನವಳ ಬರಹ, ನಿನಗೆ ತಿಳಿಯದ ಮಾತೂ ಇದ್ದೀತು.

ನಮ್ಮೂರಲ್ಲಿ ಬೂಷ್ಟುಮನೆ ಇದೆ. ಬ್ರೆಡ್ಡಿನ ಮೇಲೆ ಹಬ್ಬುವ ಕಿತ್ತಳೆ ಬಣ್ಣದ ಬೂಷ್ಟನ್ನು ಗಾಜಿನ ಕೊಳವೆಗಳಲ್ಲಿ ಸಾಕುವ ಮನೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಲ್ಲಿಗೂ ಅರಿಶಿನ-ಕುಂಕುಮ ಹೋಗುತ್ತದೆ. ನಗಬೇಡ, ಋಣವಿದೆ. ನಿನಗಿಂತ ಹಿಂದಿನವರು ಆ ಬೂಷ್ಟಿಗೆ ಎಕ್ಸ್‌ರೇ ಹೊಡೆದು ಅದರ ಒಂದು ಜೀನು ಕೆಡಿಸಿದರು. ಸಕ್ಕರೆ, ಉಪ್ಪಿನ ಬಡವರ ಊಟದಲ್ಲೇ ಬೆಳೆಯುತ್ತಿದ್ದದ್ದು ಮುನಿಸಿಕೊಂಡು ಕೂತಿತು. ಒಂದೊಂದೇ ಪದಾರ್ಥ ಬಡಿಸಿ ನೋಡಿದರು. ಯಾವುದೋ ಒಂದು ಬಿದ್ದಾಗ ಮತ್ತೆ ಚಿಗುರಿತು. ಅದನ್ನು ತಾನೇ ಮಾಡಿಕೊಳ್ಳಲು ಬೇಕಾದ ಕಿಣ್ವ ಇಲ್ಲವಾಗಿದೆಯೆಂದು ಹೀಗೆ ತಿಳಿಯಿತು. ಕಿಣ್ವವೆಂದರೆ ಒಂದೇ ಕೆಲಸ ಬಲ್ಲ ಅಡುಗೆಯವಳು; ಜೀನು ಅವಳನ್ನು ಕರೆಯಲು ಹೋಗುವ ಆಳು. ರುಬ್ಬುವವಳು ಬಾರದಿದ್ದರೆ ನೆನೆಸಿದ ಅಕ್ಕಿ ರಾಶಿ ಬಿದ್ದು ಹುಳಿಯುತ್ತದೆ, ಅಷ್ಟೇ.

ನನ್ನ ಮರಿಮಗಳು ಮುಗಿಲಿ ಹುಟ್ಟಿದಾಗ ಹಿಮ್ಮಡಿಯ ರಕ್ತದ ಹನಿ ಅದನ್ನೇ ಹೇಳಿತು. ಹಾಲು, ಬೇಳೆಯಲ್ಲಿರುವ ಒಂದು ಅಂಶವನ್ನು ಅರಗಿಸುವ ಕಿಣ್ವ ಇವಳಲ್ಲಿಲ್ಲ. ಅದು ರಾಶಿ ಬಿದ್ದರೆ ಬುದ್ಧಿ ಮಂಕಾಗುತ್ತದೆ. ತಾಯಿಯ ಹಾಲೂ ಅಳತೆಯಲ್ಲೇ. ನನ್ನ ಸೊಸೆ ಪುಟ್ಟೀರಮ್ಮನ ನಾಲಿಗೆ ನನ್ನದಕ್ಕಿಂತ ಒಂದು ಮೊಳ ಉದ್ದ. ತನ್ನ ಬಾಣಂತಿ ಸೊಸೆಯ ತವರನ್ನೆಲ್ಲ ಜಾಲಾಡಿದಳು. ಆ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿತು. ಬೂಷ್ಟುಮನೆಯ ಸಿದ್ದಕ್ಕ ಬಾಗಿಲಲ್ಲೇ ನಿಂತು ಹೇಳಿದಳು: “ಅಡುಗೆಯವಳನ್ನ ಕರೆಯೋಕೆ ಎರಡೂ ಮನೆಯಿಂದ ಒಬ್ಬೊಬ್ಬ ಆಳು ಹೋಗ್ಬೇಕು ಪುಟ್ಟೀರಮ್ಮ. ಒಬ್ಬ ಕರೆದಿದ್ರೂ ಬರೋಳು. ನಿಮ್ಮನೆ ಆಳೂ ಕರೀಲಿಲ್ಲ.” ಪುಟ್ಟೀರಮ್ಮ ಒಳಗೆ ಹೋಗಿ ಬಾಣಂತಿಗೆ ನೀರು ಕಾಯಿಸಿದಳು. ಈಗ ಮಗುವಿನ ಅಳತೆಯ ಲೋಟವನ್ನು ಅವಳ ಹೊರತು ಯಾರೂ ಮುಟ್ಟುವಂತಿಲ್ಲ. ಮುಗಿಲಿಗೆ ನಾಲ್ಕು ತುಂಬಿತು. ನನ್ನ ಬೊಚ್ಚುಬಾಯನ್ನು ಅಣಕಿಸುವಷ್ಟು ಚುರುಕು.

ನಿನ್ನ ಹೊಟ್ಟೆಯಲ್ಲಿರುವ ಮಗುವಿಗೂ ಇದೇ ಕೊರತೆ. ಅಲ್ಲಿಂದಲೇ ನಮಗೆ ಇಳಿದು ಬಂದದ್ದು. ನಿನ್ನತ್ತೆ ನಿನ್ನ ತವರನ್ನು ಆಡಿಕೊಳ್ಳುತ್ತಾಳೆ. ಆಡಲಿ, ನೀನು ಗೋಡೆಗೆ ತಿರುಗಿ ಮಲಗಬೇಡ. ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿಯ ಹನಿಯನ್ನು ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿ. ‘ಪಾಪ, ಇನ್ನೊಂದು ಗುಟುಕು’ ಎನ್ನುವ ಪ್ರೀತಿಯನ್ನು ಹೊಸಿಲಾಚೆ ನಿಲ್ಲಿಸು. ನಾನು ಆ ಮಗುವಿನ ಕುಡಿ. ಹುಟ್ಟಿ, ಬಾಯಿ ಬೆಳೆಸಿಕೊಂಡು, ನಿನಗೆ ಬುದ್ಧಿ ಹೇಳುತ್ತಿದ್ದೇನೆಂದರೆ ನೀನು ಗೆದ್ದೆ ಎಂದೇ ಅರ್ಥ. ಆದರೆ ಆ ಹೊತ್ತಿನಲ್ಲಿ ನಿನಗದು ಗೊತ್ತಿರುವುದಿಲ್ಲವಲ್ಲ ಮಗಳೇ, ಅದಕ್ಕೇ ಬರೆದೆ.

ದೊಡ್ಡತಾಯಮ್ಮ